ತೇಲುವ ಸೇನಾ ವಾಹನದೊಳಗೆ ನೀರು: ಎಲ್ಲಿಂದ ಬಂತು ಅಂತ ಹುಡುಕುವ ಬಗೆ

ವಾಹನ ಈಜಿ ದಡಕ್ಕೆ ಬಂದಿದೆ. ಹಿಂಭಾಗದ ನೆಲಹಲಗೆ ಎತ್ತಿ ನೋಡಿದರೆ ತಳದಲ್ಲಿ ನಾಲ್ಕು ಬೆರಳು ನೀರು. ಚಾಲಕರು ತಳದ ನೀರು ಹೊರಹಾಕುವ ಬಿಲ್ಜ್ ಪಂಪ್‌ನ ಸ್ವಿಚ್ ಒತ್ತುತ್ತಾರೆ. ನೀರು ಹೊರಗೆ ಹೋಗುತ್ತದೆ. “ಈಜಿದ ಮೇಲೆ ಸ್ವಲ್ಪ ನೀರು ಬಂದೇ ಬರುತ್ತೆ ಬಿಡಿ” ಅಂತ ಯಾರೋ ಹೇಳುತ್ತಾರೆ. ಅಲ್ಲಿಗೆ ಮಾತು ಮುಗಿಯಿತು.

ಆ ಮಾತು ಅರ್ಧ ಸರಿ. ಹಿಂದೆ ಕೆಳಕ್ಕೆ ತೆರೆದುಕೊಳ್ಳುವ ಬಾಗಿಲು ಅಂದರೆ ರ‍್ಯಾಂಪ್, ಮೇಲೆ ಹತ್ತಿಳಿಯುವ ಕಿಂಡಿಬಾಗಿಲು ಅಂದರೆ ಹ್ಯಾಚ್, ಪಕ್ಕದಲ್ಲಿ ಆಕ್ಸಲ್ ಹೊರಬರುವ ತೂತು, ತಳದಲ್ಲಿ ನೀರು ಬಸಿಯುವ ತೂತಿನ ಬಿರಡೆ ಅಂದರೆ ಡ್ರೈನ್ ಪ್ಲಗ್ ಇರುವ ವಾಹನದೊಳಗೆ ಒಂದಿಷ್ಟು ನೀರು ಬರುವುದು ಸಹಜ. ಪಂಪ್ ಇಟ್ಟಿರುವುದೇ ಅದಕ್ಕೆ. ಆದರೆ ಆ ‘ಸ್ವಲ್ಪ’ ಎಷ್ಟು? ಹೋದ ಸಲಕ್ಕಿಂತ ಜಾಸ್ತಿಯೋ, ಕಡಿಮೆಯೋ? ಇದಕ್ಕೆ ಉತ್ತರ ಗೊತ್ತಿಲ್ಲ ಅಂದರೆ ಪಂಪ್ ನಮ್ಮನ್ನು ಕಾಪಾಡುವುದರ ಜೊತೆಗೆ ದೋಷವನ್ನೂ ಮುಚ್ಚಿಡುತ್ತದೆ. ಸಂದಿನಲ್ಲಿ ನೀರು ತಡೆಯುವ ರಬ್ಬರ್ ಸೀಲ್ ದಿನದಿನಕ್ಕೆ ಹಾಳಾಗುತ್ತಾ ಹೋದರೂ ನೆಲ ಒಣಗಿದಂತೆಯೇ ಕಾಣುತ್ತದೆ. ಪಂಪ್ ಕೈಕೊಟ್ಟ ದಿನ ಎಲ್ಲವೂ ಒಟ್ಟಿಗೆ ಗೊತ್ತಾಗುತ್ತದೆ. ಆ ದಿನ ಬರಬಾರದು ಅಂತಲೇ ಇಷ್ಟು ಬರೆಯುತ್ತಿದ್ದೇನೆ.

ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ. ಬೋಲ್ಟ್ ಎಷ್ಟು ಬಿಗಿಸಬೇಕು, ಯಾವ ಆಯಿಲ್ ಹಾಕಬೇಕು, ಎಷ್ಟು ಭಾರ ಹೊರಬಹುದು ಇವಕ್ಕೆಲ್ಲ ನಿಮ್ಮ ವಾಹನದ ತಾಂತ್ರಿಕ ಪುಸ್ತಕವೇ ಕೊನೆಯ ಮಾತು. ಇಲ್ಲಿರುವುದು ದೋಷ ಹುಡುಕುವಾಗ ಯೋಚಿಸುವ ಕ್ರಮ ಮಾತ್ರ.

ಪಂಪ್ ಹಾಕುವ ಮುಂಚೆ ಆ ನೀರನ್ನು ನೋಡಿ

ವಾಹನ ದಡದಲ್ಲಿ ಭದ್ರವಾಗಿ ನಿಂತಿದೆ ಅಂದರೆ ಅವಸರ ಬೇಡ. ಒಳಗಿರುವ ನೀರು ನಿಮಗಿರುವ ಒಳ್ಳೆಯ ಸಾಕ್ಷಿ. ಅದನ್ನು ಹೊರಗೆ ಚೆಲ್ಲಿದರೆ ಸಾಕ್ಷಿಯೂ ಹೋಯಿತು.

ಒಂದು ಬಿಳಿ ಪಾತ್ರೆಯಲ್ಲಿ ಸ್ವಲ್ಪ ತೆಗೆದುಕೊಳ್ಳಿ. ಹೊರಗಿನ ನೀರಿನಷ್ಟೇ ಕೆಸರಾಗಿದೆಯಾ? ಹಾಗಾದರೆ ಅದು ಈಗ ತಾನೇ ಒಳಗೆ ಬಂದ ನೀರು. ತಿಳಿಯಾಗಿದ್ದು, ಮೇಲೆ ತೆಳ್ಳಗೆ ಎಣ್ಣೆಪದರ ಇದ್ದರೆ ಬಹಳ ದಿನದಿಂದ ನಿಂತ ನೀರಿರಬಹುದು. ಮಳೆಯಲ್ಲಿ ಹ್ಯಾಚ್ ಸಂದಿನಿಂದ ಇಳಿದದ್ದೋ, ವಾಹನ ತೊಳೆದಾಗ ಉಳಿದದ್ದೋ ಇರಬಹುದು. ಹಸಿರೋ ಕೆಂಪೋ ಬಣ್ಣ, ಕೈಗೆ ಜಾರುವ ಗುಣ, ಸಿಹಿ ವಾಸನೆ ಇದ್ದರೆ ಅದು ಎಂಜಿನ್ ತಂಪಾಗಿಡುವ ದ್ರವ, ಕೂಲೆಂಟ್. ಆಗ ಹುಡುಕಬೇಕಾದ್ದು ಹೊರಗೋಡೆಯಲ್ಲಿ ಅಲ್ಲ, ರೇಡಿಯೇಟರ್ ಹೋಸ್‌ನಲ್ಲಿ. ರುಚಿ ನೋಡಿ ತೀರ್ಮಾನಿಸುವ ಕೆಟ್ಟ ಅಭ್ಯಾಸ ಕೆಲವರಿಗಿದೆ. ದಯವಿಟ್ಟು ಬೇಡ, ಕೂಲೆಂಟ್‌ನಲ್ಲಿರುವ ಗ್ಲೈಕಾಲ್ ವಿಷ. ಡೀಸೆಲ್ ವಾಸನೆ ಬಂದರೆ ಎಲ್ಲ ಕೆಲಸ ಅಲ್ಲಿಗೇ ನಿಲ್ಲಿಸಿ. ಸ್ವಿಚ್ ಮುಟ್ಟಬೇಡಿ, ಎಲ್ಲ ಬಾಗಿಲು ತೆರೆದು ಗಾಳಿಯಾಡಲು ಬಿಡಿ, ಮೊದಲು ಇಂಧನದ ಸೋರಿಕೆ ಸರಿಪಡಿಸಿ.

ಆಮೇಲೆ ನೀರು ಯಾವ ವಿಭಾಗದಲ್ಲಿದೆ ಅಂತ ನೋಡಿ. ಇಲ್ಲಿ ಬಹಳ ಜನ ಮೋಸಹೋಗುತ್ತಾರೆ. ನೀರು ನಿಂತ ಜಾಗವೇ ನೀರು ಬಂದ ಜಾಗ ಅಲ್ಲ. ವಾಹನ ದಡ ಹತ್ತುವಾಗ ಮೂತಿ ಮೇಲೆ, ಹಿಂಭಾಗ ಕೆಳಗೆ. ಎಂಜಿನ್ ಪಕ್ಕ ಒಳಬಂದ ನೀರೂ ಹರಿದು ರ‍್ಯಾಂಪ್ ಹತ್ತಿರ ಸೇರುತ್ತದೆ. ಪಾಪ, ರ‍್ಯಾಂಪ್ ಸೀಲ್‌ ಮೇಲೆ ಅಪವಾದ ಬರುತ್ತದೆ.

ಎಷ್ಟು ನೀರು ಅನ್ನುವ ಲೆಕ್ಕ

ಈ ಲೆಕ್ಕ ಸುಲಭ, ಆದರೆ ಮಾಡುವವರು ಕಡಿಮೆ. ಒಳಗಿನ ನೆಲ 5 ಮೀಟರ್ ಉದ್ದ, 2 ಮೀಟರ್ ಅಗಲ ಇದೆ ಅಂದುಕೊಳ್ಳಿ. ಒಂದೇ ಒಂದು ಸೆಂಟಿಮೀಟರ್ ನೀರು ಅಂದರೆ 100 ಲೀಟರ್, ಅಂದರೆ 100 ಕಿಲೋ. ಹತ್ತು ಸೆಂಟಿಮೀಟರ್ ಆದರೆ ಒಂದು ಟನ್. ಕಟ್ಟಿಹಾಕಿದ ಸಾಮಾನು ಇದ್ದಲ್ಲೇ ಇರುತ್ತದೆ. ನೀರು ಹಾಗಲ್ಲ. ವಾಹನ ಎಡಕ್ಕೆ ವಾಲಿದರೆ ನೀರೂ ಎಡಕ್ಕೆ ಓಡುತ್ತದೆ, ಓಡಿ ಇನ್ನಷ್ಟು ವಾಲಿಸುತ್ತದೆ. ಅದಕ್ಕೇ ಒಳಗಿನ ಒಂದು ಟನ್ ನೀರು ಒಂದು ಟನ್ ಸಾಮಾನಿಗಿಂತ ಹೆಚ್ಚು ಅಪಾಯ.

ಇನ್ನು ತೂತಿನ ಲೆಕ್ಕ. ನೀರಿನ ಮಟ್ಟದಿಂದ ಒಂದು ಮೀಟರ್ ಕೆಳಗೆ 25 ಮಿಲಿಮೀಟರ್ ಅಗಲದ ತೂತು ಇದ್ದರೆ, ಅಂದರೆ ಒಂದು ಡ್ರೈನ್ ಪ್ಲಗ್ ಹಾಕುವುದು ಮರೆತರೆ, ನಿಮಿಷಕ್ಕೆ ಸುಮಾರು 75 ಲೀಟರ್ ಒಳಗೆ ಬರುತ್ತದೆ. ತೂತು 50 ಮಿಲಿಮೀಟರ್ ಆದರೆ ಎರಡು ಪಟ್ಟಲ್ಲ, ನಾಲ್ಕು ಪಟ್ಟು. ಹೆಚ್ಚುಕಡಿಮೆ 300 ಲೀಟರ್.

ತೂತು ಅಂದರೆ ದುಂಡಗೇ ಇರಬೇಕು ಅಂತಿಲ್ಲ. ಬಾಗಿಲಿನ ರಬ್ಬರ್ ಸೀಲ್ 50 ಸೆಂಟಿಮೀಟರ್ ಉದ್ದಕ್ಕೆ ಒಂದೇ ಒಂದು ಮಿಲಿಮೀಟರ್ ಬಿಟ್ಟುಕೊಂಡಿದೆ ಅಂದುಕೊಳ್ಳಿ. ಆ ಸಂದಿನ ವಿಸ್ತೀರ್ಣ ಲೆಕ್ಕ ಹಾಕಿ ನೋಡಿ, ಆ 25 ಮಿಲಿಮೀಟರ್ ತೂತಿನಷ್ಟೇ ಬರುತ್ತದೆ! ಪ್ಲಗ್ ಇಲ್ಲದ ತೂತು ಕಂಡರೆ ಯಾರಾದರೂ ಕೂಗಿ ಹೇಳುತ್ತಾರೆ. ಸೀಲ್‌ನ ಒಂದು ಮಿಲಿಮೀಟರ್ ಸಂದು ಯಾರ ಕಣ್ಣಿಗೂ ಬೀಳುವುದಿಲ್ಲ.

ಎರಡನೇ ಮಹಾಯುದ್ಧದ ಕಾಲದ, ನೀರಿನಲ್ಲೂ ಈಜುವ ಆರು ಚಕ್ರದ ಡಕ್ ಲಾರಿ ಇಪ್ಪತ್ತು ಸಾವಿರಕ್ಕೂ ಹೆಚ್ಚು ತಯಾರಾಯಿತು. ಒಡಲಿನಲ್ಲಿ 50 ಮಿಲಿಮೀಟರ್‌ ತೂತಾದರೂ ತೇಲಿಸಿಡುವಷ್ಟು ಶಕ್ತಿ ಅದರ ಪಂಪ್‌ಗಳಿಗೆ ಇತ್ತು. ಆ ವಿನ್ಯಾಸಗಾರರ ದೂರದೃಷ್ಟಿ ದೊಡ್ಡದು. ಆದರೆ ಆ ಶಕ್ತಿ ಇದ್ದದ್ದು ಗುಂಡೇಟಿನಂಥ ಅನಾಹುತಕ್ಕೆ. ದಿನಾ ಸೋರುವ ಸೀಲ್‌ಗೆ ಅದನ್ನು ಖರ್ಚು ಮಾಡಿಕೊಂಡರೆ, ನಿಜವಾದ ಅನಾಹುತದ ದಿನ ಏನು ಉಳಿಯುತ್ತದೆ?

ಹಾಗಾಗಿ ನಿಮ್ಮ ಪಂಪ್ ಎಷ್ಟು ಎಸೆಯುತ್ತದೆ ಅಂತ ಮೊದಲು ಅಳೆಯಿರಿ. ಪುಸ್ತಕದಲ್ಲಿ ಬರೆದ ಅಂಕಿ ಹೊಸ ಪಂಪ್‌ನದು. ಪಂಪ್‌ನ ನೀರು ಹೊರಬೀಳುವ ಹೊರಬಾಯಿಗೆ ಒಂದು ಪೈಪ್ ಸಿಕ್ಕಿಸಿ 20 ಲೀಟರ್ ಬಕೆಟ್ ತುಂಬಿಸಿ. ಎಂಟು ಸೆಕೆಂಡಿಗೆ ತುಂಬಿದರೆ ನಿಮಿಷಕ್ಕೆ 150 ಲೀಟರ್. ಆಮೇಲೆ ಈಜುವಾಗ ಒಬ್ಬರು ಹೊರಬಾಯಿಯ ಮೇಲೆ ಕಣ್ಣಿಟ್ಟಿರಲಿ. ಪಂಪ್ ನಿಲ್ಲಿಸುವುದು ಬೇಡ. ಹತ್ತು ನಿಮಿಷದಲ್ಲಿ ಒಟ್ಟು ಎಷ್ಟು ಸೆಕೆಂಡ್ ತುಂಬು ಧಾರೆ ಬಂತು ಅಂತ ಮಾತ್ರ ಬರೆದುಕೊಳ್ಳಿ. ಹತ್ತು ಸೆಕೆಂಡ್ ಬಂದರೆ 25 ಲೀಟರ್. ಮುಂದಿನ ಸಲ ನಲವತ್ತು ಸೆಕೆಂಡ್ ಬಂದರೆ? ನೆಲ ಒಣಗಿದ್ದರೂ ಏನೋ ಬದಲಾಗಿದೆ ಅಂತ ಗೊತ್ತಾಯಿತಲ್ವಾ. ನನ್ನ ಮಟ್ಟಿಗೆ ಇಡೀ ತಪಾಸಣೆಯಲ್ಲಿ ಇದಕ್ಕಿಂತ ಬೆಲೆಬಾಳುವ ಅಂಕಿ ಇಲ್ಲ.

ಒಳಬಂದ ದಾರಿ ಹುಡುಕುವುದು

ಡ್ರೈನ್ ಪ್ಲಗ್‌ನಿಂದ ಶುರು ಮಾಡಿ. ಅದು ಅತಿ ಸುಲಭದ ತಪ್ಪು, ಅತಿ ಹೆಚ್ಚು ನೀರು ಬಿಡುವ ತಪ್ಪೂ ಅದೇ. ಎಣಿಸಿ ನೋಡಿ, ‘ಎಲ್ಲಾ ಹಾಕಿದೆ’ ಅನ್ನುವ ಮಾತು ನಂಬಬೇಡಿ. ಪ್ಲಗ್ ಇದ್ದರೂ ಅದರ ವಾಷರ್ ಹರಿದಿರಬಹುದು, ತಿರುಪಿನ ಸುತ್ತುಗಳ ನಡುವೆ ಮರಳು ಕೂತಿರಬಹುದು. ತೆಗೆದ ಪ್ಲಗ್‌ಗಳನ್ನು ಒಂದು ಚೀಲದಲ್ಲಿ ಹಾಕಿ ಸ್ಟಿಯರಿಂಗ್‌ಗೇ ಕಟ್ಟಿಬಿಡುವ ಪದ್ಧತಿ ಒಳ್ಳೆಯದು. ಚೀಲ ಬಿಚ್ಚದೆ ವಾಹನ ಓಡಿಸಲು ಆಗುವುದಿಲ್ಲ.

ಆಮೇಲೆ ಬಾಗಿಲು, ರ‍್ಯಾಂಪ್ ಮತ್ತು ಹ್ಯಾಚ್ ಸೀಲ್. ಇದಕ್ಕೆ ಸೀಮೆಸುಣ್ಣದ ಪರೀಕ್ಷೆಯೇ ಸಾಕು. ಹಡಗಿನವರು ಬಹಳ ಕಾಲದಿಂದ ಮಾಡುತ್ತಿರುವುದು ಇದೇ. ರಬ್ಬರ್ ಒತ್ತಿಕೊಳ್ಳುವ ಲೋಹದ ಅಂಚಿಗೆ ಸುತ್ತಲೂ ಸೀಮೆಸುಣ್ಣ ಹಚ್ಚಿ. ಬಾಗಿಲು ಪೂರ್ತಿ ಬಿಗಿದು ಮತ್ತೆ ತೆರೆಯಿರಿ. ರಬ್ಬರ್ ಮೇಲೆ ಬಿಳಿ ಗೆರೆ ಎಲ್ಲಿ ಮೂಡಿಲ್ಲವೋ ಅಲ್ಲಿ ಸೀಲ್ ಒತ್ತಿಲ್ಲ. ಅನುಮಾನ ಇದ್ದರೆ ಒಂದು ಕಾಗದದ ಪಟ್ಟಿ ಇಟ್ಟು ಬಾಗಿಲು ಮುಚ್ಚಿ ಎಳೆಯಿರಿ. ಸಲೀಸಾಗಿ ಬಂದರೆ ಆ ಜಾಗ ಸಡಿಲ. ಗೆರೆ ಒಂದೇ ಮೂಲೆಯಲ್ಲಿ ತಪ್ಪಿದ್ದರೆ ರಬ್ಬರ್ ಬದಲಿಸುವ ಮುಂಚೆ ಹಿಂಜ್ ಮತ್ತು ಬೀಗದ ಕೊಕ್ಕೆ ನೋಡಿ. ಬಾಗಿಲೇ ಓರೆಯಾಗಿದ್ದರೆ ಹೊಸ ರಬ್ಬರ್ ಕೂಡ ಅಲ್ಲೇ ಸೋರುತ್ತದೆ. ಸೀಲ್ ಮೇಲೆ ಬಣ್ಣ ಬಳಿದಿದ್ದರೆ ಅದೂ ದೋಷವೇ. ಬಣ್ಣ ಬಳಿದ ರಬ್ಬರ್ ಗಟ್ಟಿಯಾಗಿ ಬಿರುಕು ಬಿಡುತ್ತದೆ.

ಇನ್ನು ಹೋಸ್ ಪರೀಕ್ಷೆ. ಒಬ್ಬರು ಒಳಗೆ ಬ್ಯಾಟರಿ ದೀಪ ಹಿಡಿದು ಕೂರಬೇಕು, ಇನ್ನೊಬ್ಬರು ಹೊರಗಿಂದ ನೀರು ಬಿಡಬೇಕು. ಕೆಳಗಿಂದ ಮೇಲಕ್ಕೆ ಬನ್ನಿ, ಒಂದೊಂದು ಜಾಗದಲ್ಲಿ ಎರಡು ನಿಮಿಷ ನಿಲ್ಲಿ. ಮೇಲಿಂದ ಶುರು ಮಾಡಿದರೆ ನೀರು ಇಳಿದು ಎಲ್ಲವೂ ಒದ್ದೆಯಾಗಿ ಯಾವುದು ಸೋರಿದ್ದು ಅಂತ ತಿಳಿಯುವುದೇ ಇಲ್ಲ. ಒಳಗೆ ಅನುಮಾನದ ಜಾಗಕ್ಕೆ ಟಾಲ್ಕಂ ಪೌಡರ್ ಉದುರಿಸಿದರೆ ನೀರು ಹರಿದ ದಾರಿ ಗೆರೆ ಹಾಕಿದಂತೆ ಕಾಣುತ್ತದೆ. ಹೆಚ್ಚು ಒತ್ತಡದಲ್ಲಿ ನೀರು ಚಿಮ್ಮಿಸುವ ಯಂತ್ರ ಬಳಸಬೇಡಿ. ಅದು ಒಳ್ಳೆಯ ಸೀಲ್‌ನೊಳಗೂ ನೀರು ನುಗ್ಗಿಸುತ್ತದೆ. ಆಗ ಸಿಗುವ ಉತ್ತರ ಸುಳ್ಳು.

ಎಲ್ಲಕ್ಕಿಂತ ಹೆಚ್ಚು ಹೊತ್ತು ಕೊಡಬೇಕಾದ ಜಾಗ ಇನ್ನೊಂದಿದೆ. ತಿರುಗುವ ದಂಡ ಒಡಲನ್ನು ತೂರಿ ಹೊರಬರುವ ಕಡೆ. ಚಕ್ರ ತಿರುಗಿಸುವ ಡ್ರೈವ್ ಶಾಫ್ಟ್, ಪ್ರೊಪೆಲ್ಲರ್ ಶಾಫ್ಟ್, ನೀರನ್ನು ಹಿಂದಕ್ಕೆ ಚಿಮ್ಮಿಸಿ ವಾಹನ ನೂಕುವ ವಾಟರ್‌ಜೆಟ್‌ನ ಶಾಫ್ಟ್, ಸ್ಟಿಯರಿಂಗ್ ಕೊಂಡಿ. ಬಾಗಿಲು ನಿಂತಲ್ಲೇ ನಿಂತಿರುತ್ತದೆ. ಶಾಫ್ಟ್ ತಿರುಗುತ್ತದೆ, ಅದುರುತ್ತದೆ, ಕಲ್ಲು ಮುಳ್ಳು ತಾಗಿಸಿಕೊಳ್ಳುತ್ತದೆ. ಇಲ್ಲಿ ಶಾಫ್ಟ್ ಸುತ್ತ ಇರುವ ಮಡಿಕೆ ಮಡಿಕೆಯ ರಬ್ಬರ್ ಕವಚ, ಅಂದರೆ ರಬ್ಬರ್ ಬೂಟ್ ಅನ್ನು ಕೈಯಿಂದ ಮಡಿಸಿ ಮಡಿಸಿ ನೋಡಬೇಕು. ಬಿರುಕು ಇರುವುದು ಮಡಿಕೆಯ ಒಳಗೆ, ಮೇಲಿಂದ ಕಾಣುವುದಿಲ್ಲ. ಕ್ಲ್ಯಾಂಪ್ ಎರಡೂ ತುದಿಯಲ್ಲಿ ಇದೆಯಾ, ಬೂಟ್ ಸರಿದಿದೆಯಾ ಅಂತ ಬೆರಳಿಂದ ಎಳೆದು ನೋಡಿ.

ಇದನ್ನು ಇಷ್ಟು ಒತ್ತಿ ಹೇಳಲು ಕಾರಣ ಇದೆ. 1999ರ ಮೇ 1ರಂದು ಅಮೆರಿಕದ ಆರ್ಕನ್ಸಾದ ಹ್ಯಾಮಿಲ್ಟನ್ ಸರೋವರದಲ್ಲಿ ಒಂದು ಹಳೆಯ ಡಕ್ ವಾಹನ ಮುಳುಗಿತು. ಸೇನೆ ಬಿಟ್ಟ ಮೇಲೆ ಅದು ಪ್ರವಾಸಿಗರನ್ನು ಸುತ್ತಾಡಿಸುತ್ತಿತ್ತು. ಹದಿಮೂರು ಜನ ಸತ್ತರು. ತನಿಖೆ ನಡೆಸಿದವರು ಕಂಡದ್ದು ಶಾಫ್ಟ್ ಹೊರಬರುವ ಕಡೆ ಕಳಚಿಕೊಂಡ ಒಂದು ರಬ್ಬರ್ ಬೂಟ್. ನಿರ್ವಹಣೆ ಸರಿಯಿರಲಿಲ್ಲ ಅಂತ ವರದಿ ಹೇಳಿತು. ಒಳಗೆ ನೀರು ತುಂಬಿದರೂ ತೇಲಿಸಿಡುವ ವ್ಯವಸ್ಥೆ ಇರಲಿಲ್ಲ, ಮೇಲಿದ್ದ ಚಾವಣಿ ಜನರನ್ನು ಒಳಗೇ ಸಿಕ್ಕಿಸಿತು ಅಂತಲೂ ಹೇಳಿತು. ಅಂಗೈಯಲ್ಲಿ ಹಿಡಿದು ನೋಡಬಹುದಾದ ಒಂದು ರಬ್ಬರ್ ತುಂಡು, ಹದಿಮೂರು ಜೀವ. ತಪಾಸಣೆಗೆ ಬಗ್ಗಿ ನೋಡಲು ಬೇಜಾರಾದಾಗ ನನಗೆ ಇದು ನೆನಪಾಗುತ್ತದೆ.

ಇಷ್ಟೆಲ್ಲ ನೋಡಿದರೂ ದಾರಿ ಸಿಗಲಿಲ್ಲ ಅಂದರೆ ಉಳಿದದ್ದು ಬೆಸುಗೆಯ ಬಿರುಕು. ಸಸ್ಪೆನ್ಷನ್ ಕೂರುವ ಜಾಗ, ಎಳೆಯುವ ಕೊಕ್ಕೆಯ ಬುಡ, ತಳದಲ್ಲಿ ಬಂಡೆಗೆ ಬಡಿದ ಗುರುತು. ಅಲ್ಯೂಮಿನಿಯಂ ಒಡಲಿನ ಬಿರುಕು ಕೂದಲೆಳೆಯಷ್ಟು ತೆಳು. ಬಣ್ಣ ಸೀಳಿದ ಗೆರೆ, ಅದರ ಸುತ್ತ ಬಿಳಿ ಪುಡಿ ಕಂಡರೆ ಅನುಮಾನ ಪಡಿ. ಇದು ಪಡೆಯವರು ಸ್ವಂತವಾಗಿ ಮುಚ್ಚುವ ಕೆಲಸ ಅಲ್ಲ. ಸೀಲಂಟ್ ಮೆತ್ತಿ ಸುಮ್ನೆ ಬಿಟ್ಟರೆ ಬಿರುಕು ಬೆಳೆಯುತ್ತಲೇ ಇರುತ್ತದೆ. ಬರೆದು ವರ್ಕ್‌ಶಾಪ್‌ಗೆ ಕಳಿಸಿ.

ಪಂಪ್ ಶಬ್ದ ಮಾಡುತ್ತದೆ, ನೀರು ಎಸೆಯುವುದಿಲ್ಲ

ಡ್ಯಾಶ್‌ಬೋರ್ಡ್‌ನ ಪಂಪ್ ದೀಪ ಹತ್ತಿದರೆ ಪಂಪ್ ಸರಿಯಿದೆ ಅಂತ ಗುರುತು ಹಾಕುವುದು ಬಹಳ ಕಡೆ ನಡೆಯುತ್ತದೆ. ಬಹಳ ವಾಹನಗಳಲ್ಲಿ ಆ ದೀಪ ಹೇಳುವುದು ಇಷ್ಟೇ: ಕರೆಂಟ್ ಹೋಗಿದೆ. ನೀರು ಹೋಗಿದೆ ಅಂತ ಅಲ್ಲ. ಪಂಪ್ ಪರೀಕ್ಷೆ ಅಂದರೆ ಒಳಗೆ ಎರಡು ಬಕೆಟ್ ನೀರು ಸುರಿದು ಹೊರಗೆ ಧಾರೆ ನೋಡುವುದು. ನೀರಿಲ್ಲದೆ ಬಹಳ ಹೊತ್ತು ಓಡಿಸಿದರೆ ಪಂಪ್‌ನ ಸೀಲ್ ಕಾದು ಹಾಳಾಗುತ್ತದೆ ಅನ್ನುವುದೂ ನೆನಪಿರಲಿ.

ಶಬ್ದ ಬರುತ್ತದೆ, ಧಾರೆ ಇಲ್ಲ ಅಂದರೆ ಮೊದಲ ಅನುಮಾನ ಪಂಪ್ ನೀರೆಳೆಯುವ ಬಾಯಿಯ ಜಾಲರಿಯ ಮೇಲೆ. ಬಟ್ಟೆ ಚೂರು, ಎಲೆ, ಪ್ಲಾಸ್ಟಿಕ್ ಕವರ್, ಕೆಸರು ಎಲ್ಲವೂ ಕೊನೆಗೆ ಸೇರುವುದು ಅಲ್ಲೇ. ಜಾಲರಿ ಸ್ವಚ್ಛ ಇದ್ದರೆ ಹೋಸ್ ಮಡಚಿದೆಯಾ ನೋಡಿ. ಸಾಮಾನು ತುಂಬುವಾಗ ಹೋಸ್ ಮೇಲೆ ಪೆಟ್ಟಿಗೆ ಇಟ್ಟಿರುವುದು ಅಪರೂಪವಲ್ಲ. ಅದೂ ಸರಿಯಿದ್ದರೆ ನೀರು ವಾಪಸ್ ಬರದಂತೆ ತಡೆಯುವ ಚೆಕ್ ವಾಲ್ವ್ ಅಂಟಿಕೊಂಡಿರಬಹುದು. ಈ ವಾಲ್ವ್ ತೆರೆದೇ ಸಿಕ್ಕಿಕೊಂಡರೆ ಇನ್ನೂ ಕೆಟ್ಟದ್ದು. ಅಲೆಗೆ ಹೊರಬಾಯಿ ಮುಳುಗಿದಾಗ ಪಂಪ್ ನಿಂತಿದ್ದರೆ ಅದೇ ಪೈಪ್‌ನಿಂದ ನೀರು ಒಳಗೆ ಬರುತ್ತದೆ. ಒಳಗೆ ನೀರು ಬಂದಿದೆ, ಸೀಲ್ ಎಲ್ಲ ಸರಿಯಿದೆ, ಏನೂ ತಿಳಿಯುತ್ತಿಲ್ಲ ಅನ್ನುವಾಗ ಈ ವಾಲ್ವ್ ಬಿಚ್ಚಿ ನೋಡಿ.

ಧಾರೆ ಇದೆ ಆದರೆ ಸೋತಂತೆ ಬರುತ್ತದೆ, ಅದೂ ಇತ್ತೀಚೆಗೆ ಮೋಟರ್ ಬಿಚ್ಚಿ ಹಾಕಿದ ಮೇಲೆ ಅಂದರೆ ತಂತಿ ಅದಲುಬದಲಾಗಿರಬಹುದು. ಡಿಸಿ ಮೋಟರ್ ಉಲ್ಟಾ ತಿರುಗಿದರೂ ಅಪಕೇಂದ್ರ ಪಂಪ್ ಸ್ವಲ್ಪ ನೀರು ಎಸೆಯುತ್ತದೆ. ಅದಕ್ಕೇ ಈ ತಪ್ಪು ಸುಲಭಕ್ಕೆ ಸಿಗುವುದಿಲ್ಲ. ಬಕೆಟ್ ಲೆಕ್ಕ ಇಟ್ಟವರಿಗೆ ಮಾತ್ರ ಸಿಗುತ್ತದೆ.

ಮೋಟರ್ ತಿರುಗುವುದೇ ಇಲ್ಲ ಅಂದರೆ ಫ್ಯೂಸ್ ನೋಡಿ, ಆಮೇಲೆ ಮೀಟರ್ ಹಿಡಿಯಿರಿ. ಸ್ವಿಚ್ ಹಾಕಿ, ಮೋಟರ್ ಜೋಡಿಸಿರುವಾಗಲೇ ಅದರ ತುದಿಯಲ್ಲಿ ವೋಲ್ಟ್ ಅಳೆಯಬೇಕು. ತಂತಿ ಬಿಚ್ಚಿ ಅಳೆದರೆ ತುಕ್ಕು ಹಿಡಿದ ಕನೆಕ್ಟರ್ ಕೂಡ ಪೂರ್ತಿ 24 ವೋಲ್ಟ್ ತೋರಿಸುತ್ತದೆ, ಭಾರ ಬಿದ್ದಾಗ ಮಾತ್ರ ಕುಸಿಯುತ್ತದೆ. ಬ್ಯಾಟರಿಯಲ್ಲಿ 24, ಮೋಟರ್ ತುದಿಯಲ್ಲಿ 18 ಅಂದರೆ ಆ ಆರು ವೋಲ್ಟ್ ದಾರಿಯಲ್ಲಿ ಎಲ್ಲೋ ಕಳೆದುಹೋಗಿದೆ. ಅರ್ಥ್ ತಂತಿ ಒಡಲಿಗೆ ಕೂರುವ ಬೋಲ್ಟ್ ಮೊದಲು ನೋಡಿ. ಉಪ್ಪುನೀರು ಅಲ್ಲಿ ಬೇಗ ಕೆಲಸ ಮಾಡುತ್ತದೆ.

ಗೇರ್ ಆಯಿಲ್ ಹಾಲಿನಂತಾಗಿದೆ

ಒಡಲಿನೊಳಗೆ ನೀರಿಲ್ಲ. ಆದರೆ ಚಕ್ರಕ್ಕೆ ಶಕ್ತಿ ಕೊಡುವ ಕೊನೆಯ ಗೇರ್ ಪೆಟ್ಟಿಗೆ, ಅಂದರೆ ಫೈನಲ್ ಡ್ರೈವ್‌ನ ಆಯಿಲ್ ಬೆಳ್ಳಗೆ, ಹಾಲು ಬೆರೆಸಿದ ಕಾಫಿಯ ಹಾಗೆ ಆಗಿದೆ. ಅಂದರೆ ಆಯಿಲ್‌ಗೆ ನೀರು ಸೇರಿ ಕಲಸಿಕೊಂಡಿದೆ. ಹಾಗೇ ಬಿಟ್ಟರೆ ಬೇರಿಂಗ್ ಉಳಿಯುವುದಿಲ್ಲ.

ಇದರ ಹಿಂದಿನ ಕಾರಣ ತಿಳಿದರೆ ಹುಡುಕಾಟ ಅರ್ಧ ಆಯಿತು. ವಾಹನ ಹತ್ತಿಪ್ಪತ್ತು ಕಿಲೋಮೀಟರ್ ರಸ್ತೆಯಲ್ಲಿ ಓಡಿ ಬರುತ್ತದೆ. ಚಕ್ರದ ಹಬ್, ಗೇರ್ ಪೆಟ್ಟಿಗೆ ಎಲ್ಲ ಕಾದಿರುತ್ತವೆ. ಒಳಗಿನ ಗಾಳಿ ಹಿಗ್ಗಿ ಬ್ರೀದರ್ ಅನ್ನುವ ಗಾಳಿಕಿಂಡಿಯ ಮೂಲಕ ಹೊರಗೆ ಹೋಗಿರುತ್ತದೆ. ಆಮೇಲೆ ಒಮ್ಮೆಲೇ ತಣ್ಣೀರಿಗೆ ಇಳಿಯುತ್ತದೆ. ಪೆಟ್ಟಿಗೆ ತಣ್ಣಗಾದಾಗ ಒಳಗಿನ ಗಾಳಿ ಕುಗ್ಗಿ, ಹೊರಗಿಂದ ಏನಾದರೂ ಎಳೆದುಕೊಳ್ಳಲು ನೋಡುತ್ತದೆ. ಬ್ರೀದರ್ ತೆರೆದಿದ್ದು ನೀರಿನ ಮೇಲಿದ್ದರೆ ಗಾಳಿ ಬರುತ್ತದೆ. ಬ್ರೀದರ್ ಕೆಸರಿನಿಂದ ಕಟ್ಟಿದ್ದರೆ ಶಾಫ್ಟ್ ಸೀಲ್‌ನ ತುಟಿ ದಾಟಿ ನೀರು ಬರುತ್ತದೆ. ಸೀಲ್ ಇರುವುದು ಆಯಿಲ್ ಹೊರಹೋಗದಂತೆ ತಡೆಯಲು. ಹೊರಗಿಂದ ಒಳಕ್ಕೆ ಬರುವ ನೀರನ್ನು ಅದು ಅಷ್ಟು ಚೆನ್ನಾಗಿ ತಡೆಯುವುದಿಲ್ಲ.

ಹಾಗಾಗಿ ಎರಡು ಲಕ್ಷಣ ಜೊತೆಗೆ ಕಂಡರೆ ಬ್ರೀದರ್ ಮೇಲೆ ಅನುಮಾನ ಪಡಿ: ಬಿಸಿಯಾದಾಗ ಸೀಲ್ ಹತ್ತಿರ ಆಯಿಲ್ ಹೊರಗೆ ಜಿನುಗುತ್ತದೆ, ಈಜಿದ ಮೇಲೆ ಆಯಿಲ್ ಬೆಳ್ಳಗಾಗುತ್ತದೆ. ಎರಡಕ್ಕೂ ಕಾರಣ ಒಂದೇ, ಉಸಿರಾಡಲು ದಾರಿ ಇಲ್ಲ. ಬ್ರೀದರ್ ಬಿಚ್ಚಿ ತೊಳೆದು ಗಾಳಿ ಊದಿ ನೋಡಿ. ಇದು ಮಾಡದೆ ಸೀಲ್ ಬದಲಿಸಿದರೆ ಮುಂದಿನ ಈಜಿಗೆ ಮತ್ತೆ ಅದೇ ಕಥೆ. ಸೀಲ್ ಕೆಟ್ಟದ್ದು ಅಂತ ಬೈಸಿಕೊಳ್ಳುತ್ತದೆ, ತಪ್ಪು ಮಾತ್ರ ಬೇರೆಯವರದು.

ಬ್ರೀದರ್ ಸರಿಯಿದ್ದರೆ ಸೀಲ್ ತೆಗೆದು ಶಾಫ್ಟ್ ಮೇಲೆ ಉಗುರು ಆಡಿಸಿ. ಉಗುರಿಗೆ ಗೀರು ಸಿಕ್ಕಿದರೆ ಆ ಶಾಫ್ಟ್‌ಗೆ ಹೊಸ ಸೀಲ್ ಮಾತ್ರ ಸಾಲದು. ಶಾಫ್ಟ್‌ಗೆ ನೈಲಾನ್ ದಾರ, ಮೀನಿನ ಬಲೆಯ ಎಳೆ ಸುತ್ತಿದೆಯಾ ಅಂತಲೂ ನೋಡಿ. ಆ ತೆಳು ಎಳೆ ಸೀಲ್‌ನ ತುಟಿಯನ್ನು ಕೊಯ್ದುಬಿಡುತ್ತದೆ.

ಆಯಿಲ್ ಸ್ವಲ್ಪ ಮಂಜಾಗಿದೆ, ನೀರೋ ಅಲ್ಲವೋ ಗೊತ್ತಾಗುತ್ತಿಲ್ಲ ಅಂದರೆ ರಾತ್ರಿಯಿಡೀ ವಾಹನ ನಿಲ್ಲಿಸಿ. ಬೆಳಿಗ್ಗೆ ಅಲುಗಿಸದೆ ಡ್ರೈನ್ ಪ್ಲಗ್ ಒಂದು ಸುತ್ತು ಸಡಿಲಿಸಿ. ಬೇರೆಯಾದ ನೀರು ತಳದಲ್ಲಿರುತ್ತದೆ, ಮೊದಲು ಅದೇ ತೊಟ್ಟಿಕ್ಕುತ್ತದೆ. ಇನ್ನೊಂದು ದಾರಿ, ಕಾದ ಲೋಹದ ತಟ್ಟೆಗೆ ಒಂದು ಹನಿ ಆಯಿಲ್ ಬಿಡುವುದು. ನೀರಿದ್ದರೆ ಚಟಚಟ ಸದ್ದು ಬರುತ್ತದೆ. ಕನ್ನಡಕ ಹಾಕಿಕೊಂಡು, ವಾಹನದಿಂದ ದೂರ ಹೋಗಿ ಮಾಡಿ.

ಆಯಿಲ್ ಹೊರಗೆ ಸೋರುವುದನ್ನು ಬರೆಯಲು ಅಮೆರಿಕ ಸೇನೆಯ ಮೂರು ದರ್ಜೆಯ ಪದ್ಧತಿ ಅನುಕೂಲ. ಒದ್ದೆ ಅಥವಾ ಬಣ್ಣ ಬದಲು ಕಂಡರೂ ಹನಿ ಕಟ್ಟದಿದ್ದರೆ ಒಂದನೇ ದರ್ಜೆ. ಹನಿ ಕಟ್ಟಿದೆ, ಆದರೆ ನೋಡುತ್ತಿರುವಾಗ ಬೀಳುವುದಿಲ್ಲ ಅಂದರೆ ಎರಡು. ಹನಿ ಬೀಳುತ್ತಿದ್ದರೆ ಮೂರು. ಮೂರನೆಯದನ್ನು ತಕ್ಷಣ ವರದಿ ಮಾಡಬೇಕು. ರಸ್ತೆ ವಾಹನಕ್ಕೆ ಮೊದಲ ಎರಡು ದರ್ಜೆ ಸಹಿಸಬಹುದು, ಮಟ್ಟ ನೋಡಿಕೊಂಡು ಓಡಿಸಬಹುದು. ನೀರಿಗೆ ಇಳಿಯುವ ವಾಹನದ ಹಬ್ ಅಥವಾ ಫೈನಲ್ ಡ್ರೈವ್‌ನಲ್ಲಿ ಎರಡನೇ ದರ್ಜೆ ಕಂಡರೂ ನಾನು ಈಜುವ ಮುಂಚೆ ಕಾರಣ ಹುಡುಕುತ್ತೇನೆ. ಆಯಿಲ್ ಹೊರಬರುವ ದಾರಿ ನೀರು ಒಳಬರುವ ದಾರಿಯೂ ಆಗುತ್ತದೆ ಅಲ್ವಾ.

ನೀರಿನಲ್ಲಿರುವಾಗ ವಾಲುತ್ತದೆ, ಮುಂದೆ ಹೋಗುವುದಿಲ್ಲ

ವಾಲುವುದಕ್ಕೆ ಕಾರಣ ಎರಡೇ, ಭಾರ ಒಂದು ಕಡೆ ಜಾಸ್ತಿ ಅಥವಾ ಒಳಗೆ ನೀರು. ಇಳಿದ ಕ್ಷಣದಿಂದ ಒಂದೇ ಅಳತೆಯಲ್ಲಿ ವಾಲಿದ್ದರೆ ಭಾರ. ನಿಮಿಷ ನಿಮಿಷಕ್ಕೆ ಹೆಚ್ಚುತ್ತಿದ್ದರೆ ನೀರು. ಎರಡನೆಯದಾದರೆ ಕಾರಣ ಹುಡುಕುತ್ತಾ ಕೂರಬೇಡಿ, ಹತ್ತಿರದ ದಡಕ್ಕೆ ತಿರುಗಿಸಿ, ಜನರನ್ನು ಹೊರಗೆ ತನ್ನಿ. ಇನ್ನೊಂದು ವಿಷಯ, ಸಮುದ್ರದಲ್ಲಿ ಸರಿಯಾಗಿ ತೇಲಿದ ವಾಹನ ಕೆರೆ ನದಿಯಲ್ಲಿ ಸ್ವಲ್ಪ ಹೆಚ್ಚು ಮುಳುಗುತ್ತದೆ. ಸಿಹಿನೀರಿನ ಸಾಂದ್ರತೆ ಶೇಕಡಾ ಎರಡೂವರೆಯಷ್ಟು ಕಡಿಮೆ. ಅದು ದೋಷವಲ್ಲ.

ಎಂಜಿನ್ ಕೂಗುತ್ತದೆ, ವಾಹನ ಹೋಗುವುದಿಲ್ಲ ಅಂದರೆ ವಾಟರ್‌ಜೆಟ್ ವಾಹನದಲ್ಲಿ ಒಳಬಾಯಿಯ ಜಾಲರಿಗೆ ಪಾಚಿ, ಹಗ್ಗ ಸಿಕ್ಕಿರುತ್ತದೆ. ಬಿಎಂಪಿ-2, ಎಂ113 ಥರ ಚಕ್ರದ ಬದಲು ಇರುವ ಲೋಹದ ಪಟ್ಟಿ ಅಂದರೆ ಟ್ರ್ಯಾಕ್ ತಿರುಗಿಸಿಯೇ ಈಜುವ ವಾಹನದಲ್ಲಿ ಟ್ರ್ಯಾಕ್ ಮೇಲಿನ ಮುಚ್ಚಳ ತಗಡು ಬಾಗಿದೆಯಾ, ಕಳಚಿದೆಯಾ ನೋಡಿ. ಅವುಗಳ ವೇಗವೇ ಗಂಟೆಗೆ ಆರೇಳು ಕಿಲೋಮೀಟರ್, ಆ ತಗಡಿಲ್ಲದಿದ್ದರೆ ಅದೂ ಸಿಗುವುದಿಲ್ಲ. ಮೂತಿಯಲ್ಲಿ ಅಲೆ ತಡೆಯುವ ಹಲಗೆ, ಅಂದರೆ ಟ್ರಿಮ್ ವೇನ್ ಏರಿಸದೆ ಇಳಿದರೆ ಅಲೆ ನೇರ ಚಾಲಕರ ಹ್ಯಾಚ್ ಮೇಲೆ ಬರುತ್ತದೆ. ಏರಿಸಿ ಇಳಿಸಿ ಎರಡೂ ಪರೀಕ್ಷೆ ಮಾಡಿ.

ಹೊರಬರುವ ದಾರಿಯೂ ತಪಾಸಣೆಯ ಭಾಗ

2020ರ ಜುಲೈ 30ರಂದು ಕ್ಯಾಲಿಫೋರ್ನಿಯಾದ ಸ್ಯಾನ್ ಕ್ಲೆಮೆಂಟೆ ದ್ವೀಪದ ಹತ್ತಿರ ಅಮೆರಿಕ ಮೆರೀನ್ ಪಡೆಯ ಒಂದು ತೇಲುವ ವಾಹನ ಮುಳುಗಿ ಒಂಬತ್ತು ಜನ ತೀರಿಕೊಂಡರು. ಆ ಬಗೆಯ ವಾಹನ 1970ರ ದಶಕದಿಂದ ಸೇವೆಯಲ್ಲಿತ್ತು. ತನಿಖೆಯಲ್ಲಿ ಒಂದು ದೊಡ್ಡ ದೋಷ ಸಿಗಲಿಲ್ಲ, ಸಾಲು ಸಿಕ್ಕಿತು. ಹಲವು ಕಡೆಯಿಂದ ನೀರು ಒಳಗೆ, ಟ್ರಾನ್ಸ್‌ಮಿಷನ್ ವೈಫಲ್ಯ, ಕತ್ತಲಲ್ಲಿ ಹ್ಯಾಚ್ ತೋರಿಸಬೇಕಿದ್ದ ತುರ್ತು ದೀಪ ಕೆಲಸ ಮಾಡಲಿಲ್ಲ, ಜನರನ್ನು ಹೊರಗೆ ಕಳಿಸಲು ತಡವಾಯಿತು. ಒಂದೊಂದನ್ನೇ ನೋಡಿದರೆ ಇವು ‘ಆಮೇಲೆ ಮಾಡೋಣ’ ಅನ್ನಿಸುವ ದೋಷಗಳು.

ಅದಕ್ಕೇ ತುರ್ತು ದೀಪವನ್ನು ಸೀಲ್‌ನಷ್ಟೇ ಗಂಭೀರವಾಗಿ ನೋಡಬೇಕು. ಮುಖ್ಯ ಕರೆಂಟ್ ತೆಗೆದು ಹತ್ತುತ್ತದಾ ಅಂತ ನೋಡಿ. ಪ್ರತಿ ಹ್ಯಾಚ್ ಅನ್ನೂ ಒಳಗಿಂದ, ಒಂದೇ ಕೈಯಲ್ಲಿ, ಲೈಫ್ ಜಾಕೆಟ್ ಹಾಕಿಕೊಂಡು ತೆರೆದು ನೋಡಿ. ಸಲಕರಣೆ ಇಲ್ಲದೆ ಬಿಚ್ಚಲಾಗದ ಹಿಡಿ ಇದ್ದರೆ ಆ ವಾಹನ ನೀರಿಗೆ ಇಳಿಯಬಾರದು. ಈ ಒಂದು ವಿಷಯದಲ್ಲಿ ನನ್ನ ಹತ್ತಿರ ರಿಯಾಯಿತಿ ಇಲ್ಲ.

ಈಜಿದ ಮೇಲಿನ ಕೆಲಸ

ಉಪ್ಪುನೀರಿನಿಂದ ಬಂದರೆ ಅದೇ ದಿನ ಸಿಹಿನೀರಿನಲ್ಲಿ ತೊಳೆಯಿರಿ, ಒಳಗೂ ಹೊರಗೂ, ಬಿಲ್ಜ್ ಪಂಪ್ ಮೂಲಕವೂ ಸಿಹಿನೀರು ಹಾಯಿಸಿ. ನಾಳೆಗೆ ಇಟ್ಟರೆ ಉಪ್ಪು ಒಣಗಿ ಕನೆಕ್ಟರ್ ಒಳಗೆ ಕೂರುತ್ತದೆ. ಗ್ರೀಸ್ ನಿಪ್ಪಲ್‌ಗೆ ಹಳೆಯ ಕೆಸರು ಗ್ರೀಸ್ ಹೊರಬಂದು ಹೊಸ ಗ್ರೀಸ್ ಕಾಣುವವರೆಗೆ ಹೊಡೆಯಿರಿ. ಬ್ರೇಕ್ ಒದ್ದೆಯಾಗಿರುತ್ತದೆ, ನಿಧಾನ ಓಡಿಸುತ್ತಾ ಮೆಲ್ಲಗೆ ಒತ್ತಿ ಒಣಗಿಸಿ. ಒಡಲಿನ ಬದಲು ತಾನು ಸವೆಯುವ ಸತುವಿನ ತುಂಡು ಅಂದರೆ ಆನೋಡ್ ಇರುವ ವಾಹನದಲ್ಲಿ ಅದು ಅರ್ಧ ಸವೆದಿದ್ದರೆ ಬದಲಿಸಿ. ಆನೋಡ್ ಮೇಲೆ ಬಣ್ಣ ಬಳಿಯಬೇಡಿ, ಬಳಿದರೆ ಅದು ಕೆಲಸ ಮಾಡದೆ ಒಡಲಿನ ಅಲ್ಯೂಮಿನಿಯಂ ಸವೆಯುತ್ತದೆ.

ದೋಷ ಸರಿಪಡಿಸಿದ ಮೇಲೆ ನೇರವಾಗಿ ಜನರನ್ನು ತುಂಬಿ ಆಳಕ್ಕೆ ಹೋಗಬಾರದು. ಮುಳುಗಿ ತಳ ಮುಟ್ಟಿದರೂ ಹ್ಯಾಚ್ ನೀರಿನ ಮೇಲೇ ಇರುವಷ್ಟು ಆಳದಲ್ಲಿ ಮೊದಲು ನಿಲ್ಲಿಸಿ. ಎಳೆಯುವ ಹಗ್ಗ ಕಟ್ಟಿರಲಿ, ದಡದಲ್ಲಿ ಇನ್ನೊಂದು ವಾಹನ ಸಿದ್ಧವಿರಲಿ, ಒಳಗೆ ಬೇಕಾದಷ್ಟೇ ಜನ, ಹ್ಯಾಚ್ ತೆರೆದಿರಲಿ. ಹತ್ತು ನಿಮಿಷ ಪಂಪ್‌ನ ಧಾರೆ ಎಣಿಸಿ. ಶಾಫ್ಟ್ ತಿರುಗುವಾಗ ಒಂದು ಸಲ, ನಿಂತಾಗ ಒಂದು ಸಲ. ತಿರುಗುವಾಗ ಮಾತ್ರ ಜಾಸ್ತಿ ಬಂದರೆ ಶಾಫ್ಟ್ ಸೀಲ್ ಇನ್ನೂ ಸರಿಯಾಗಿಲ್ಲ. ಎರಡರಲ್ಲೂ ಒಂದೇ ಇದ್ದರೆ ನಿಂತಿರುವ ಸೀಲ್, ಪ್ಲಗ್, ಬೆಸುಗೆ ಮತ್ತೆ ನೋಡಿ.

ಬಂದ ಅಂಕಿಯನ್ನು ಲಾಗ್ ಬುಕ್‌ನಲ್ಲಿ ಹೀಗೆ ಬರೆಯಿರಿ: ದಿನಾಂಕ, ಸಿಹಿನೀರೋ ಉಪ್ಪುನೀರೋ, ಎಷ್ಟು ಭಾರ, ಎಷ್ಟು ಹೊತ್ತು ನೀರಿನಲ್ಲಿ, ಯಾವ ಪಂಪ್ ಎಷ್ಟು ಸೆಕೆಂಡ್ ಎಸೆಯಿತು, ಯಾವ ಸೀಲ್ ಬದಲಾಯಿತು. ‘ಸರಿಯಿದೆ’ ಅಂತ ಮಾತ್ರ ಬರೆದರೆ ಮುಂದೆ ಬರುವ ಚಾಲಕರಿಗೆ ಹೋಲಿಸಿ ನೋಡಲು ಏನೂ ಸಿಗುವುದಿಲ್ಲ. ‘12 ಸೆಕೆಂಡ್’ ಅಂತ ಬರೆದಿದ್ದರೆ, 30 ಬಂದ ದಿನ ಅವರು ವಾಹನ ನಿಲ್ಲಿಸಿ ನೆಲಹಲಗೆ ಎತ್ತುತ್ತಾರೆ.